ಕೇಳಿದರೆ ಸಾಲದು, ಹೇಳಲೂ ಬೇಕು



ಸಂಜೆಯ ಹೊತ್ತು. ಊರ ಮುಂದಿನ ಅರಳಿಕಟ್ಟೆಯ ಬಳಿ ಸಭೆ ಸೇರಿದೆ. ರೈತ ಸಂಪರ್ಕ ಕೇಂದ್ರದಿಂದ ಬಂದ ಅಧಿಕಾರಿಗಳು ಮೆಕ್ಕೆಜೋಳದ ಬೇಸಾಯದ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾರೆ. ಅರವತ್ತು ಎಪ್ಪತ್ತು ಮಂದಿ ಕೂತು ಕೇಳುತ್ತಾರೆ. ಮಾತು ಮುಗಿದ ಮೇಲೆ "ಯಾರಿಗಾದರೂ ಏನಾದರೂ ಕೇಳುವುದಿದೆಯೆ?" ಎಂಬ ಪ್ರಶ್ನೆ ಬರುತ್ತದೆ. ಮುಂದಿನ ಸಾಲಿನ ಇಬ್ಬರು ಮೂವರು, ಯಾವಾಗಲೂ ಮಾತಾಡುವವರೇ, ಈ ಸಲವೂ ಮಾತಾಡುತ್ತಾರೆ. ಉಳಿದವರು ತಲೆಯಾಡಿಸುತ್ತಾರೆ. ಸಭೆ ಮುಗಿಯುತ್ತದೆ. ಮನೆಯ ಕಡೆ ಹೊರಟಾಗ, ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಪಕ್ಕದ ಹುಡುಗನಿಗೆ ಮೆಲ್ಲಗೆ ಹೇಳುತ್ತಾರೆ:

"ಅಲ್ಲಪ್ಪಾ, ಆ ಸಾಹೇಬರು ಹೇಳಿದ ಹುಳ ನಮ್ಮ ಕೆರೆ ಹಿಂದಿನ ಹೊಲದಲ್ಲಿ ಹೋದ ವಾರವೇ ಕಂಡಿತ್ತು."

"ಮತ್ತೆ ಅಲ್ಲೇ ಹೇಳಬಾರದಿತ್ತೆ ದೊಡ್ಡಪ್ಪಾ?"

"ನಾನೇನು ಹೇಳೋದು? ಓದಿದವರು ಹೇಳ್ತಾರಲ್ಲ."

ಇದು ಯಾವ ಊರಿನ ಸಭೆ ಎಂದು ಕೇಳಬೇಡಿ. ನಮ್ಮ ಕಡೆಯ ಯಾವ ಊರಿನಲ್ಲಾದರೂ ಹೀಗೆ ನಡೆಯುವುದುಂಟು. ಆ ಸಂಜೆ ಆ ಸಭೆಯಲ್ಲಿ ಆಡಿದ ಮಾತುಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಮಾತು ಯಾವುದು? ದೊಡ್ಡಪ್ಪನ ಆ ಒಂದು ಮಾತು. ಏಕೆಂದರೆ ಅಧಿಕಾರಿಗಳು ಹೇಳಿದ್ದು ಎಲ್ಲ ಊರಿಗೂ ಹೊಂದುವ ಮಾತು. ದೊಡ್ಡಪ್ಪ ಹೇಳಿದ್ದು ಆ ಊರಿಗೆ, ಆ ವಾರಕ್ಕೆ ಬೇಕಾಗಿದ್ದ ಮಾತು. ಆದರೆ ಅದು ಸಭೆಗೆ ಸಿಕ್ಕಲಿಲ್ಲ, ದಾರಿಯಲ್ಲಿ ಕರಗಿ ಹೋಯಿತು.

ಸುಮ್ಮನೆ ಕೂತು ಕೇಳುವುದಕ್ಕೂ ಬಾಯಿಬಿಟ್ಟು ಒಂದು ಮಾತು ಸೇರಿಸುವುದಕ್ಕೂ ಇರುವ ವ್ಯತ್ಯಾಸವೇನು, ಅದರಿಂದ ರೈತನಿಗೆ ಆಗುವ ಲಾಭ ನಷ್ಟವೇನು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಸುಮ್ಮನೆ ಕೇಳುವುದು ತಪ್ಪೆ?

ತಪ್ಪೇನೂ ಅಲ್ಲ. "ಮಾತು ಬೆಳ್ಳಿ, ಮೌನ ಬಂಗಾರ" ಎಂದು ಹಿರಿಯರು ಹೇಳಿಯೇ ಇದ್ದಾರೆ. ಸಭೆಯಲ್ಲಿ ತುಟಿ ಎರಡು ಮಾಡದವನು ಮರುದಿನ ಬೆಳಿಗ್ಗೆ ತನ್ನ ಹೊಲಕ್ಕೆ ಹೋಗಿ, ಕೇಳಿದ್ದನ್ನು ಮಾಡಿ ನೋಡಿರಬಹುದು. ಬಹಳ ಮಾತಾಡಿದವನು ಏನೂ ಮಾಡದೆ ಇರಬಹುದು. ಹೊಸದಾಗಿ ಸಂಘಕ್ಕೆ ಸೇರಿದವನು ಮೊದಲ ನಾಲ್ಕಾರು ಸಭೆಗಳಲ್ಲಿ ಸುಮ್ಮನೆ ಕೂತು, ಯಾರು ಏನು ಬಲ್ಲರು, ಮಾತಿನ ರೀತಿ ಏನು ಎಂಬುದನ್ನು ಗಮನಿಸುವುದು ಒಳ್ಳೆಯ ನಡತೆಯೇ ಸರಿ. ನೆಲ ಹದವಾಗುವ ಮುಂಚೆ ಬೀಜ ಹಾಕುವವರುಂಟೆ?

ಆದರೆ ಹದ ಬಂದ ಮೇಲೂ ಬಿತ್ತದೆ ಕೂತರೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತು. ವರ್ಷಗಟ್ಟಲೆ ಕೇಳುತ್ತಲೇ ಇದ್ದು, ತನ್ನದೊಂದು ಮಾತನ್ನೂ ಸೇರಿಸದೆ ಎದ್ದು ಹೋಗುವವನಿಂದ ಸಭೆಗೆ ನಷ್ಟ, ಅವನಿಗೂ ನಷ್ಟ.

ಮುಯ್ಯಾಳಿನ ಪದ್ಧತಿಯನ್ನು ನೆನೆಸಿಕೊಳ್ಳಿ. ಇಂದು ನಿನ್ನ ಗದ್ದೆಯ ನಾಟಿಗೆ ನಾವು ಬರುತ್ತೇವೆ, ನಾಳೆ ನಮ್ಮ ಗದ್ದೆಗೆ ನೀನು ಬರಬೇಕು. ಕೂಲಿಯ ಲೆಕ್ಕವಿಲ್ಲ, ಆದರೆ ಮುಯ್ಯಿಯ ಲೆಕ್ಕ ಉಂಟು. ಎಲ್ಲರ ಆಳನ್ನೂ ಕರೆಸಿಕೊಂಡು ತಾನು ಯಾರ ಗದ್ದೆಗೂ ಹೋಗದವನಿಗೆ ಎರಡನೆಯ ವರ್ಷ ಆಳು ಸಿಕ್ಕುವುದಿಲ್ಲ. ತಿಳಿವಳಿಕೆಗೂ ಇದೇ ನ್ಯಾಯ. ನೆರೆಯವನ ಅನುಭವ ಕೇಳಿ ನೀವು ಲಾಭ ಪಡೆದಿದ್ದೀರಿ. ನಿಮ್ಮ ಅನುಭವ ಅವನಿಗೆ ಯಾವಾಗ ಸಿಕ್ಕಬೇಕು?

ಪುಣೆಯ ಕಡೆ ನಡೆದ ಪ್ರಯೋಗ

ಇದು ಬರಿಯ ಉಪದೇಶವಲ್ಲ. ಹಿಂದೆ ಇದನ್ನು ಪರೀಕ್ಷಿಸಿ ನೋಡಿದ್ದಾರೆ.

1956ರಲ್ಲಿ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಆಗಿನ ಮುಂಬಯಿ ರಾಜ್ಯದ ಪುಣೆ, ನಾಸಿಕ, ಕೊಲ್ಲಾಪುರ ಮೊದಲಾದ ಐದು ಮರಾಠಿ ಜಿಲ್ಲೆಗಳಲ್ಲಿ ಆಕಾಶವಾಣಿಯವರು ಯುನೆಸ್ಕೋ ಸಂಸ್ಥೆಯ ನೆರವಿನಿಂದ ಒಂದು ಪ್ರಯೋಗ ನಡೆಸಿದರು. ಅದೇ ವರ್ಷ ನವೆಂಬರ್ 1ರಂದು ರಾಜ್ಯಗಳ ಪುನರ್‌ವಿಂಗಡಣೆ ಆಗುವವರೆಗೆ ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಆ ಮುಂಬಯಿ ರಾಜ್ಯಕ್ಕೇ ಸೇರಿದ್ದವು. ಆದ್ದರಿಂದ ಇದು ನಮಗೆ ತೀರ ದೂರದ ಕಥೆಯಲ್ಲ.

ಸುಮಾರು 150 ಹಳ್ಳಿಗಳಲ್ಲಿ ಹತ್ತು ಇಪ್ಪತ್ತು ಮಂದಿಯ ಒಂದೊಂದು ರೇಡಿಯೋ ಕೂಟ ಕಟ್ಟಿದರು. ವಾರಕ್ಕೆ ಎರಡು ಸಂಜೆ, ಅರ್ಧ ಗಂಟೆಯ ಕಾರ್ಯಕ್ರಮ. ಒಟ್ಟು 20 ಕಾರ್ಯಕ್ರಮಗಳು. ರೇಡಿಯೋ ಮಾತು ಮುಗಿದ ಮೇಲೆ ಪೆಟ್ಟಿಗೆ ಬಂದ್ ಮಾಡಿ ಎದ್ದು ಹೋಗುವಂತಿರಲಿಲ್ಲ. ಕೇಳಿದ್ದು ನಮ್ಮ ಊರಿಗೆ ಹೊಂದುತ್ತದೆಯೆ, ಮಾಡುವುದಾದರೆ ಹೇಗೆ, ತೊಡಕೇನು ಎಂದು ಕೂತು ಚರ್ಚೆ ಮಾಡಬೇಕು. ಕೂಟಕ್ಕೆ ಒಬ್ಬ ಸಂಚಾಲಕನಿದ್ದ. ಉತ್ತರ ತಿಳಿಯದ ಪ್ರಶ್ನೆಗಳನ್ನು ಬರೆದು ರೇಡಿಯೋ ನಿಲಯಕ್ಕೆ ಕಳಿಸುತ್ತಿದ್ದರು. ಅಲ್ಲಿಂದ ಅವಕ್ಕೆ ರೇಡಿಯೋ ಮೂಲಕವೇ ಉತ್ತರ ಬರುತ್ತಿತ್ತು.

ಇದರ ಫಲವನ್ನು ಅಳೆಯುವ ಕೆಲಸವನ್ನು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಮೂಲಕ ಪಾಲ್ ನ್ಯೂರಾತ್ ಎಂಬ ಸಮಾಜಶಾಸ್ತ್ರಜ್ಞರು ಮಾಡಿದರು. ಅವರು ಮೂರು ಬಗೆಯ ಊರುಗಳನ್ನು ಆರಿಸಿಕೊಂಡರು. ರೇಡಿಯೋ ಇದ್ದು ಕೂಟವೂ ಇದ್ದ ಊರು ಒಂದು ಬಗೆ. ರೇಡಿಯೋ ಇದ್ದು ಕೂಟವಿಲ್ಲದ ಊರು ಎರಡನೆಯದು. ರೇಡಿಯೋವೇ ಇಲ್ಲದ ಊರು ಮೂರನೆಯದು. ಕಾರ್ಯಕ್ರಮ ಆರಂಭವಾಗುವ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಜನರನ್ನು ಪ್ರಶ್ನೆ ಕೇಳಿ, ತಿಳಿವಳಿಕೆ ಎಷ್ಟು ಬೆಳೆದಿದೆ ಎಂದು ನೋಡಿದರು.

ಫಲವೇನೆಂದರೆ, ಕೂಟವಿದ್ದ ಊರುಗಳಲ್ಲಿ ಜನರ ತಿಳಿವಳಿಕೆ ಎದ್ದು ಕಾಣುವಷ್ಟು ಬೆಳೆದಿತ್ತು. ರೇಡಿಯೋ ಮಾತ್ರ ಇದ್ದು ಕೂಟವಿಲ್ಲದ ಊರುಗಳಲ್ಲಿ ಬೆಳವಣಿಗೆ ಅತ್ಯಲ್ಪ. ಇದನ್ನು ಚೆನ್ನಾಗಿ ಗಮನಿಸಬೇಕು. ಆಕಾಶವಾಣಿಯ ಅದೇ ಕಾರ್ಯಕ್ರಮ ಎರಡೂ ಬಗೆಯ ಊರುಗಳ ರೇಡಿಯೋಗೆ ಸಿಕ್ಕುತ್ತಿತ್ತು. ಒಂದು ಕಡೆ ಅದರ ಸುತ್ತ ಜನ ಕೂತು ಮಾತಾಡಿದರು, ಇನ್ನೊಂದು ಕಡೆ ಅಂತಹ ಏರ್ಪಾಡು ಇರಲಿಲ್ಲ. ಕೂಟದ ಊರಿಗೆ ಸಂಚಾಲಕ, ಗೊತ್ತಾದ ದಿನ, ಗೊತ್ತಾದ ಹೊತ್ತು ಎಂಬ ಅನುಕೂಲವೂ ಇತ್ತು ನಿಜ. ಆದರೆ ಆ ಅನುಕೂಲವೆಲ್ಲ ಇದ್ದದ್ದು ಜನರನ್ನು ಮಾತಾಡಿಸುವುದಕ್ಕಾಗಿಯೇ.

ಕೂಟಗಳು ಮಾತಿಗೇ ನಿಲ್ಲಲಿಲ್ಲ. ಬಾವಿ ತೋಡುವುದು, ಒಳ್ಳೆಯ ತಳಿಯ ಹೋರಿ ಮತ್ತು ಕೋಳಿ ತರುವುದು, ಮಕ್ಕಳಿಗೆ ಬಾಲವಾಡಿ ತೆರೆಯುವುದು, ಹೀಗೆ ಹಲವು ಕೆಲಸಗಳನ್ನು ಕೈಗೆತ್ತಿಕೊಂಡವು. ಹತ್ತು ಜನರ ಮುಂದೆ "ಮಾಡೋಣ" ಎಂದು ಬಾಯಿಬಿಟ್ಟು ಹೇಳಿದವನು ಮರುದಿನ ಸುಲಭವಾಗಿ ಹಿಂದೆ ಸರಿಯಲಾರ. ಮಾತಿಗೆ ಈ ಒಂದು ಗುಣವೂ ಉಂಟು. ಈ ಫಲವನ್ನು ಕಂಡು 1959ರಲ್ಲಿ ಇದೇ ಬಗೆಯ ರೇಡಿಯೋ ಕೂಟಗಳನ್ನು ದೇಶದ ಬೇರೆ ಕಡೆಗಳಿಗೂ ಹರಡಿದರು.

ಕೆನಡಾದ ಒಕ್ಕಲಿಗರ ಪದ್ಧತಿ

ಪುಣೆಯ ಕಡೆಯ ಕೂಟಗಳಿಗೆ ಮಾದರಿ ದೊರೆತದ್ದು ಕೆನಡಾ ದೇಶದಿಂದ. ಅಲ್ಲಿ 1941ರಲ್ಲಿ ದೇಶಾದ್ಯಂತ ರೈತರ ರೇಡಿಯೋ ಕೂಟಗಳು ಆರಂಭವಾದವು. ಅಲ್ಲಿ ನಮ್ಮಂತೆ ಮನೆಗೆ ಮನೆ ಅಂಟಿಕೊಂಡಿರುವ ಊರುಗಳಿಲ್ಲ. ಒಬ್ಬೊಬ್ಬನ ಮನೆ ಅವನವನ ಹೊಲದ ನಡುವೆ. ಚಳಿಗಾಲದಲ್ಲಿ ಮಂಡಿಯೆತ್ತರ ಹಿಮ. ಆದರೂ ಸೋಮವಾರ ರಾತ್ರಿ ನೆರೆಹೊರೆಯವರು ಗಂಡ ಹೆಂಡಿರು ಸಹಿತ ಒಬ್ಬರ ಮನೆಯಲ್ಲಿ ಸೇರುತ್ತಿದ್ದರು. ವಾರದ ವಿಷಯದ ಮೇಲೆ ಅಚ್ಚಾದ ಪತ್ರಿಕೆ ಮೊದಲೇ ಬಂದಿರುತ್ತಿತ್ತು. ಅದನ್ನು ಓದಿಕೊಂಡು, ರೇಡಿಯೋ ಕೇಳಿ, ಚರ್ಚೆ ಮಾಡಿ, ತಮ್ಮ ಅಭಿಪ್ರಾಯವನ್ನು ಬರೆದು ತಮ್ಮ ಪ್ರಾಂತ್ಯದ ಕಾರ್ಯದರ್ಶಿಗೆ ಕಳಿಸಬೇಕು. ಬೇರೆ ಬೇರೆ ಕೂಟಗಳು ಏನು ಹೇಳಿದವು ಎಂಬುದರ ಸಾರಾಂಶ ಮತ್ತೆ ರೇಡಿಯೋದಲ್ಲಿ ಬರುತ್ತಿತ್ತು.

"ಓದು, ಕೇಳು, ಚರ್ಚಿಸು, ಮಾಡು" ಎಂಬ ನಾಲ್ಕು ಮಾತು ಅವರ ಧ್ಯೇಯ. ಈ ನಾಲ್ಕರಲ್ಲಿ ಮೊದಲ ಎರಡು ತೆಗೆದುಕೊಳ್ಳುವ ಕೆಲಸ, ಕಡೆಯ ಎರಡು ಕೊಡುವ ಕೆಲಸ. 1940ರ ದಶಕದ ಕಡೆಗೆ ಅಂತಹ ಕೂಟಗಳು ಸುಮಾರು 1,600ರಷ್ಟಿದ್ದವು. 1965ರಲ್ಲಿ ಆ ಕಾರ್ಯಕ್ರಮ ನಿಂತಿತು. ಆದರೆ ಅದರ ಮೂಲ ವಿಚಾರ ಹಳತಾಗಲಿಲ್ಲ. ತನ್ನ ಮಾತು ಎಲ್ಲೋ ಒಂದು ಕಡೆ ಮುಟ್ಟುತ್ತದೆ, ಅದಕ್ಕೆ ಉತ್ತರವೂ ಬರುತ್ತದೆ ಎಂಬ ನಂಬಿಕೆ ಇದ್ದರೆ ಒಕ್ಕಲಿಗನು ಹಿಮದಲ್ಲಿ ನಡೆದಾದರೂ ಸಭೆಗೆ ಬರುತ್ತಾನೆ.

ನೆರೆಯವನ ಮಾತಿಗೆ ತೂಕ ಹೆಚ್ಚು

"ಅಧಿಕಾರಿಗಳು, ವಿಜ್ಞಾನಿಗಳು ಇರುವಾಗ ನನ್ನ ಮಾತು ಯಾರಿಗೆ ಬೇಕು?" ಎಂದು ನೀವು ಕೇಳಬಹುದು. ಇದಕ್ಕೂ ಒಂದು ನಿದರ್ಶನ ಉಂಟು.

ಅಮೆರಿಕದ ಅಯೋವಾ ಪ್ರಾಂತ್ಯ ಮೆಕ್ಕೆಜೋಳಕ್ಕೆ ಹೆಸರಾದದ್ದು. 1928ರ ಸುಮಾರಿಗೆ ಅಲ್ಲಿಗೆ ಹೈಬ್ರಿಡ್ ಬೀಜ ಬಂತು. 1941ರಲ್ಲಿ ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು ಎರಡು ಹಳ್ಳಿಗಾಡುಗಳ 259 ರೈತರನ್ನು ಕಂಡು ವಿಚಾರಿಸಿದರು. ಅಷ್ಟರಲ್ಲಿ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಹೈಬ್ರಿಡ್ ಬೀಜಕ್ಕೆ ಬಂದಿದ್ದರು. ಬೀಜದ ಸುದ್ದಿ ಮೊದಲು ಯಾರಿಂದ ತಿಳಿಯಿತು ಎಂದು ಕೇಳಿದಾಗ ಬಹಳ ಮಂದಿ ಬೀಜ ಮಾರುವವರ ಹೆಸರು ಹೇಳಿದರು. ಆದರೆ ಅದನ್ನು ಬಿತ್ತಲು ಮನಸ್ಸು ಮಾಡಿಸಿದವರು ಯಾರು ಎಂದಾಗ ನೆರೆಹೊರೆಯ ರೈತರ ಹೆಸರೇ ಹೆಚ್ಚಾಗಿ ಬಂತು. ಸುದ್ದಿ ಹೊರಗಿನಿಂದ ಬರುತ್ತದೆ, ಧೈರ್ಯ ಪಕ್ಕದ ಹೊಲದಿಂದ ಬರುತ್ತದೆ.

ಇದು ನಮಗೇನೂ ಆಶ್ಚರ್ಯದ ವಿಷಯವಲ್ಲ. ಹೊಸ ತಳಿಯ ರಾಗಿಯನ್ನಾಗಲಿ ಹೊಸ ಔಷಧವನ್ನಾಗಲಿ ನೀವು ನಂಬುವುದು ಯಾವಾಗ? ನಿಮ್ಮಂತಹದೇ ನೆಲ, ನಿಮ್ಮಷ್ಟೇ ನೀರು, ನಿಮ್ಮಷ್ಟೇ ಕಷ್ಟ ಇರುವ ಒಬ್ಬನು ಬೆಳೆದು ತೋರಿಸಿದಾಗ. ಅಂತಹ ಒಬ್ಬನು ಇನ್ನೊಬ್ಬರ ಪಾಲಿಗೆ ನೀವೇ ಆಗಿದ್ದೀರಿ ಎಂಬುದನ್ನು ಮರೆಯಬೇಡಿ. ಬೆಳೆ ಚೆನ್ನಾಗಿ ಬಂದದ್ದನ್ನು ಮಾತ್ರವಲ್ಲ, ಕೆಟ್ಟದ್ದನ್ನೂ ಹೇಳಬೇಕು. ನೀವು ಕಳೆದುಕೊಂಡ ಒಂದು ಚೀಲ ಬೀಜದ ಕಥೆ ಇನ್ನು ಹತ್ತು ಚೀಲಗಳನ್ನು ಉಳಿಸಬಹುದು.

ಒಂದು ಹುಳುವಿನ ಕಥೆ

ಈಗ ನಮ್ಮ ನಾಡಿನದೇ ಸಂಗತಿ. 2018ರ ಮೇ ತಿಂಗಳ ಸುಮಾರಿಗೆ ಶಿವಮೊಗ್ಗ ಜಿಲ್ಲೆಯ ಮೆಕ್ಕೆಜೋಳದ ಹೊಲಗಳಲ್ಲಿ, ಅದುವರೆಗೆ ಈ ದೇಶದಲ್ಲಿ ಕಂಡಿರದ ಒಂದು ಹುಳು ಕಾಣಿಸಿಕೊಂಡಿತು. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಅದನ್ನು ಪರೀಕ್ಷಿಸಿ ಫಾಲ್ ಸೈನಿಕ ಹುಳು ಎಂದು ಗುರುತಿಸಿದರು. ಮೂಲತಃ ಅಮೆರಿಕ ಖಂಡದ ಹುಳು. 2016ರಲ್ಲಿ ಆಫ್ರಿಕಾಕ್ಕೆ ಬಂದು ಅಲ್ಲಿಯ ಜೋಳವನ್ನು ಹಾಳುಗೆಡವಿತ್ತು. ನಮ್ಮಲ್ಲಿ ಕಂಡ ಒಂದೆರಡು ವರ್ಷದೊಳಗೆ ಮೆಕ್ಕೆಜೋಳ ಬೆಳೆಯುವ ಬಹುತೇಕ ರಾಜ್ಯಗಳಿಗೆ ಹರಡಿತು.

ಇದರ ಗುರುತನ್ನು ತಿಳಿದಿರಿ. ಹುಳುವಿನ ತಲೆಯ ಮೇಲೆ, ಕವಣೆಯ ಕವಲುಕಡ್ಡಿಯನ್ನು ತಲೆಕೆಳಗೆ ಹಿಡಿದಂತೆ ಬಿಳಿಯ ಗೆರೆ. ಬಾಲದ ಹತ್ತಿರ ಚೌಕದ ನಾಲ್ಕು ಮೂಲೆಗಳಂತೆ ನಾಲ್ಕು ಕಪ್ಪು ಚುಕ್ಕಿ. ಮರಿಹುಳು ಎಲೆಯ ಹಸಿರನ್ನು ಕೆರೆದು ತಿಂದು ಬಿಳಿಯ ಪೊರೆಯಂತಹ ಕಲೆ ಉಳಿಸುತ್ತದೆ. ಬೆಳೆದ ಹುಳು ಸುಳಿಯೊಳಗೆ ಹೊಕ್ಕು ಕೂರುತ್ತದೆ. ಸುಳಿಯ ಮೇಲೆ ಮರದ ಹೊಟ್ಟಿನಂತಹ ಹಿಕ್ಕೆ ಕಾಣುತ್ತದೆ.

ಇದರ ಮೊಟ್ಟೆ ಬೆಚ್ಚನೆಯ ಹವೆಯಲ್ಲಿ ಎರಡು ಮೂರು ದಿನಕ್ಕೇ ಒಡೆಯುತ್ತದೆ. ಎರಡು ಮೂರು ವಾರದಲ್ಲಿ ಹುಳು ಪೂರ್ಣ ಬೆಳೆಯುತ್ತದೆ. ಮರಿಯಾಗಿದ್ದಾಗ ಹತೋಟಿ ಸುಲಭ. ಸುಳಿಯೊಳಗೆ ಸೇರಿ ಹಿಕ್ಕೆಯ ಮರೆಯಲ್ಲಿ ಕೂತ ಮೇಲೆ ಸಿಂಪಡಿಸಿದ ಔಷಧ ಅದಕ್ಕೆ ಮುಟ್ಟುವುದೇ ಕಷ್ಟ. ಪತಂಗವಾದ ಮೇಲೆ ಗಾಳಿಯ ಜೊತೆಗೆ ಬಹು ದೂರ ಹಾರಿಹೋಗುತ್ತದೆ.

ಈಗ ನಮ್ಮ ದೊಡ್ಡಪ್ಪನ ಮಾತಿಗೆ ಹಿಂದಿರುಗೋಣ. ಅವರು ಹುಳು ಕಂಡದ್ದು ಹೋದ ವಾರ. ಅಂದೇ ಹೇಳಿದ್ದರೆ ಅಕ್ಕಪಕ್ಕದ ಹತ್ತು ಮಂದಿ ತಮ್ಮ ತಮ್ಮ ಹೊಲದ ಸುಳಿ ಬಿಡಿಸಿ ನೋಡುತ್ತಿದ್ದರು. ಮರಿಹುಳುವಿನ ಹಂತದಲ್ಲೇ ಕೈಯಿಂದ ಆರಿಸಿ ಹಾಕುವುದಾಗಲಿ ಔಷಧ ಹೊಡೆಯುವುದಾಗಲಿ ಆಗುತ್ತಿತ್ತು. ಒಂದು ವಾರ ಸುಮ್ಮನಿದ್ದುದರಿಂದ ಹುಳುವಿಗೆ ಒಂದು ವಾರದ ಅವಕಾಶ ಸಿಕ್ಕಿತು. ಅಧಿಕಾರಿಗಳು ಎಷ್ಟೇ ಓದಿರಲಿ, ಕೆರೆ ಹಿಂದಿನ ಆ ಹೊಲಕ್ಕೆ ದಿನವೂ ಹೋಗುವವರು ಅವರಲ್ಲ, ನೀವು. ಮೊದಲ ಹುಳುವನ್ನು ಕಾಣುವ ಕಣ್ಣು ನಿಮ್ಮದು. ಆ ಕಣ್ಣು ಕಂಡದ್ದನ್ನು ಬಾಯಿ ಹೇಳದಿದ್ದರೆ ಬೇರೆ ಯಾರೂ ಹೇಳಲಾರರು.

ಮಾತು ಏಕೆ ಹೊರಡುವುದಿಲ್ಲ?

ಸುಮ್ಮನಿರುವವರನ್ನೆಲ್ಲ ಸೋಮಾರಿಗಳೆಂದು ಬೈಯುವುದು ಸರಿಯಲ್ಲ. ಅವರ ಮೌನಕ್ಕೆ ಕಾರಣಗಳುಂಟು.

ತಪ್ಪು ಹೇಳಿದರೆ ನಾಲ್ಕು ಜನ ನಗುತ್ತಾರೆ ಎಂಬ ಸಂಕೋಚ ಒಂದು. ಊರಿನ ಹಿರಿಯರು, ಹಣವಂತರು ಮುಂದೆ ಕೂತಿರುವಾಗ ಎದ್ದು ನಿಲ್ಲುವುದು ಹೇಗೆಂಬ ಅಳುಕು ಇನ್ನೊಂದು. ಜಾತಿಯ ಕಾರಣದಿಂದ ಹಿಂದೆಯೇ ಕೂರಬೇಕಾಗಿ ಬಂದವರು, ಗೇಣಿಗೆ ಮಾಡುವವರು, ಕೂಲಿಗೆ ಹೋಗುವವರು ಈ ಅಳುಕನ್ನು ಎಲ್ಲರಿಗಿಂತ ಹೆಚ್ಚಾಗಿ ಬಲ್ಲರು. ಹಿಂದೊಮ್ಮೆ ಹೇಳಿದಾಗ ಯಾರೂ ಕಿವಿಗೊಡಲಿಲ್ಲ ಎಂಬ ಬೇಸರ ಮತ್ತೊಂದು. "ಹೇಳುವವರು ಇದ್ದಾರಲ್ಲ, ನನಗೇಕೆ?" ಎಂಬ ಉದಾಸೀನ ಕಡೆಯದು. ಈ ಕಡೆಯದೊಂದೇ ನಮ್ಮದೇ ತಪ್ಪು.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ಕಳೆ ತೆಗೆಯುವವರು ಅವರು, ಬೀಜ ಹಸನುಮಾಡಿ ಕಾಪಾಡುವವರು ಅವರು, ಹಸು ಮೇವು ಬಿಟ್ಟದ್ದನ್ನು ಮೊದಲು ಕಾಣುವವರು ಅವರು. ಸಭೆಯಲ್ಲಿ ಮಾತ್ರ ಗೋಡೆಗೆ ಒರಗಿ ಕೂತು ಸೆರಗು ಸರಿಮಾಡಿಕೊಂಡು ಎದ್ದು ಹೋಗುತ್ತಾರೆ. ಊರಿನ ಅರ್ಧ ತಿಳಿವಳಿಕೆ ಹೀಗೆ ಸಭೆಯ ಹೊರಗೇ ಉಳಿಯುತ್ತಿದೆ.

ಮೌನದಿಂದ ಆಗುವ ನಷ್ಟ ಹೊಲದಲ್ಲಿ ಮಾತ್ರ ಅಲ್ಲ. ಹಾಲು ಉತ್ಪಾದಕರ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕ ಓದಿದಾಗ "ಆಗಬಹುದು, ಆಗಬಹುದು" ಎಂದು ಒಂದೇ ದನಿಯಲ್ಲಿ ಹೇಳಿ ಎದ್ದು ಬಂದು, ಆಮೇಲೆ ಹೋಟೆಲಿನಲ್ಲಿ ಕೂತು ಲೆಕ್ಕ ಸರಿಯಿಲ್ಲ ಎಂದು ಗೊಣಗಿದರೆ ಯಾವ ಪ್ರಯೋಜನ? ಗ್ರಾಮಸಭೆಗೂ ಇದೇ ಮಾತು. ಕೋರಂ ತುಂಬಲು ತಲೆಗಳು ಸಾಕು. ಕೆರೆಯ ಹೂಳು ಎಲ್ಲಿ ತೆಗೆಯಬೇಕು, ದಾರಿ ಯಾವ ಕೇರಿಗೆ ಬೇಕು ಎಂಬುದನ್ನು ಗೊತ್ತುಮಾಡಲು ಬಾಯಿಗಳು ಬೇಕು. ಮಾತಾಡದವರ ಕೇರಿಯ ದಾರಿ ಪಟ್ಟಿಯ ಕಡೆಯಲ್ಲೇ ಉಳಿಯುತ್ತದೆ.

ಎಲ್ಲಿಂದ ಆರಂಭಿಸಬೇಕು?

ಭಾಷಣ ಮಾಡಬೇಕಾಗಿಲ್ಲ. ಕೆಳಗಿನ ಸಣ್ಣ ಕೆಲಸಗಳಲ್ಲಿ ಒಂದರಿಂದ ಆರಂಭಿಸಿರಿ.

1. ಒಂದು ಪ್ರಶ್ನೆ ಕೇಳಿರಿ. ಪ್ರಶ್ನೆಯೂ ಒಂದು ಕೊಡುಗೆಯೇ. ನಿಮಗೆ ಬಂದ ಸಂದೇಹ ಇನ್ನೂ ಹತ್ತು ಮಂದಿಗೆ ಬಂದಿರುತ್ತದೆ, ಅವರೂ ಸುಮ್ಮನೆ ಕೂತಿರುತ್ತಾರೆ.

2. ಕಂಡದ್ದನ್ನು ಕಂಡ ಹಾಗೆ ಹೇಳಿರಿ. ಯಾವ ಬೆಳೆ, ಯಾವ ತಳಿ, ಬಿತ್ತಿ ಎಷ್ಟು ದಿನವಾಯಿತು, ಎಷ್ಟು ಗಿಡದಲ್ಲಿ ಕಂಡಿತು, ಮಳೆ ಯಾವಾಗ ಬಂತು. ಇಷ್ಟು ಹೇಳಿದರೆ ಸಾಕು. ಕಾರಣ ಹೇಳುವ ಹೊಣೆ ನಿಮ್ಮದಲ್ಲ.

3. ಮಾತು ಹೊರಡದಿದ್ದರೆ ವಸ್ತು ತನ್ನಿರಿ. ರೋಗ ಬಿದ್ದ ಎಲೆ, ಹುಳು ತಿಂದ ಕಾಯಿ, ಮೊಳಕೆ ಬಾರದ ಬೀಜ. ಅದನ್ನು ಸಭೆಯ ನಡುವೆ ಇಟ್ಟರೆ ಅದೇ ಮಾತಾಡುತ್ತದೆ.

4. ಮಾಡಿ ನೋಡಿದ್ದರ ಫಲವನ್ನು ಹಿಂದಿರುಗಿ ಬಂದು ತಿಳಿಸಿರಿ. ಹೋದ ಸಭೆಯಲ್ಲಿ ಒಬ್ಬರು ಒಂದು ಉಪಾಯ ಹೇಳಿದ್ದರು, ನೀವು ಮಾಡಿದಿರಿ. ಫಲಿಸಿತೆ ಇಲ್ಲವೆ ಎಂಬ ಒಂದು ಮಾತು ಹೇಳುವುದು ಅವರಿಗೆ ಸಲ್ಲಿಸುವ ಮುಯ್ಯಿ.

5. ಕಂಡದ್ದು ಬೇರೆ, ಕೇಳಿದ್ದು ಬೇರೆ. ಯಾರೋ ಹೇಳಿದ್ದನ್ನು ಹೇಳುವಾಗ "ಇದು ಕೇಳಿದ ಮಾತು" ಎಂದು ಸೇರಿಸಿರಿ. ಗೊತ್ತಿಲ್ಲದ ಔಷಧದ ಹೆಸರನ್ನಾಗಲಿ ಅಳತೆಯನ್ನಾಗಲಿ ಊಹೆಯಿಂದ ಹೇಳುವುದು ಸುಮ್ಮನಿರುವುದಕ್ಕಿಂತ ಕೆಟ್ಟದ್ದು.

ಸಭೆ ನಡೆಸುವವರಿಗೆ ಎರಡು ಮಾತು

ಸಂಘದ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಮೌನವನ್ನು ಮುರಿಯುವ ಹೊಣೆ ಅರ್ಧ ನಿಮ್ಮದು. "ಯಾರಿಗಾದರೂ ಏನಾದರೂ ಕೇಳುವುದಿದೆಯೆ?" ಎಂದು ಗಾಳಿಗೆ ಪ್ರಶ್ನೆ ಎಸೆದರೆ ಉತ್ತರ ಬಾರದು. "ಲಕ್ಷ್ಮಮ್ಮನವರೇ, ನಿಮ್ಮ ಕಡೆ ಅವರೆ ಹೂ ಬಿಟ್ಟಿತೆ?" ಎಂದು ಹೆಸರು ಹಿಡಿದು, ಅವರು ಬಲ್ಲ ವಿಷಯವನ್ನೇ ಕೇಳಿ ನೋಡಿರಿ. ದೊಡ್ಡ ಸಭೆಯಲ್ಲಿ ಬಾಯಿ ಬಿಡದವರು ಐದಾರು ಮಂದಿಯ ಗುಂಪಿನಲ್ಲಿ ಮಾತಾಡುತ್ತಾರೆ. ಆದುದರಿಂದ ಚರ್ಚೆಯ ಹೊತ್ತಿಗೆ ಸಭೆಯನ್ನು ಸಣ್ಣ ಗುಂಪುಗಳಾಗಿ ಕೂರಿಸಿರಿ. ಕುರ್ಚಿ ಬೆಂಚುಗಳ ಸಾಲು ಬಿಟ್ಟು ಜಮಖಾನದ ಮೇಲೆ ಸುತ್ತಲೂ ಕೂತರೆ ಹಿಂದಿನ ಸಾಲು ಎಂಬುದೇ ಇರುವುದಿಲ್ಲ.

ಒಬ್ಬರು ತಪ್ಪು ಹೇಳಿದರೂ ನಗಲು ಬಿಡಬೇಡಿ. ಒಂದು ಸಲ ನಕ್ಕರೆ ಒಂದು ಬಾಯಿ ಅಲ್ಲ, ಇಪ್ಪತ್ತು ಬಾಯಿ ಮುಚ್ಚುತ್ತದೆ. ಯಾವಾಗಲೂ ಮಾತಾಡುವವರಿಗೆ, ಅವರ ಮನಸ್ಸು ನೋಯದಂತೆ, "ಅಣ್ಣಾ, ನಿಮ್ಮದು ಕಡೆಗೆ ಇರಲಿ" ಎಂದು ಹೇಳಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಕೇಳಿದ ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ಸಭೆಯಲ್ಲಿ ಅದಕ್ಕೆ ಉತ್ತರ ಕೊಡಿರಿ. ಉತ್ತರ ಸಿಕ್ಕಿರದಿದ್ದರೆ ಅದನ್ನೂ ಹೇಳಿರಿ. ಉತ್ತರ ಬಾರದ ಕಡೆಗೆ ಎರಡನೆಯ ಸಲ ಯಾರೂ ಪ್ರಶ್ನೆ ಕಳಿಸುವುದಿಲ್ಲ.

ಕೈಯಲ್ಲಿರುವ ಫೋನು

ಈಗ ರೇಡಿಯೋ ಪೆಟ್ಟಿಗೆಯ ಸುತ್ತ ಕೂರುವ ಕಾಲವಲ್ಲ, ಫೋನು ಪ್ರತಿಯೊಬ್ಬರ ಜೇಬಿನಲ್ಲಿದೆ. ಊರಿನ ರೈತರ ವಾಟ್ಸ್ಆ್ಯಪ್ ಗುಂಪಿನಲ್ಲಿ ಇನ್ನೂರು ಹೆಸರು ಇರುತ್ತವೆ, ಬರೆಯುವವರು ಐದಾರು ಮಂದಿ. ಉಳಿದವರು ದಿನವೂ ನೋಡುತ್ತಾರೆ. ಇಲ್ಲಿಯೂ ಕಥೆ ಅರಳಿಕಟ್ಟೆಯದೇ. ಎಲ್ಲರೂ ದಿನವೂ ಬರೆಯಬೇಕೆಂದೇನೂ ಇಲ್ಲ, ಬರೆದರೆ ಓದುವವರೇ ಸಿಕ್ಕಲಾರರು. ಶುಭೋದಯದ ಹೂವಿನ ಚಿತ್ರ ಕಳಿಸುವುದೂ ಯಾರೋ ಕಳಿಸಿದ ಸುದ್ದಿಯನ್ನು ಓದದೆ ಮುಂದೆ ತಳ್ಳುವುದೂ ಕೊಡುಗೆಯಲ್ಲ. ನಿಮ್ಮ ಹೊಲದ ಒಂದು ಎಲೆಯ ಮುಂಭಾಗ ಹಿಂಭಾಗ ಎರಡರ ಚಿತ್ರ, ಜೊತೆಗೆ ಮೇಲೆ ಹೇಳಿದ ಐದು ವಿವರ, ಇದು ಕೊಡುಗೆ. ಬರೆಯಲು ಬಾರದಿದ್ದರೆ ಬಾಯಿಯಲ್ಲೇ ಹೇಳಿ ದನಿ ಕಳಿಸಿರಿ.

ಗುಂಪಿನಲ್ಲಿ ಕೇಳಲು ಸಂಕೋಚವಾದರೆ ಕಿಸಾನ್ ಕಾಲ್ ಸೆಂಟರ್ ಉಂಟು. 2004ರಲ್ಲಿ ಆರಂಭವಾದ ಈ ಸೇವೆಯಲ್ಲಿ 1800-180-1551 ಎಂಬ ಸಂಖ್ಯೆಗೆ ಹಣ ಖರ್ಚಿಲ್ಲದೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು. ಆದರೆ ಅಲ್ಲಿ ಸಿಕ್ಕಿದ ಉತ್ತರವನ್ನು ನಿಮ್ಮಲ್ಲೇ ಇಟ್ಟುಕೊಳ್ಳದೆ ನೆರೆಯವರಿಗೂ ತಿಳಿಸಿರಿ.

ಮುಂದಿನ ಸಭೆಗೆ

"ಹತ್ತು ಮಂದಿಗೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ" ಎಂಬ ಗಾದೆ ನಿಮಗೆ ತಿಳಿದದ್ದೇ. ಊರಿನ ತಿಳಿವಳಿಕೆಯ ಹೊರೆಯನ್ನು ಮುಂದಿನ ಸಾಲಿನ ಇಬ್ಬರು ಮೂವರ ತಲೆಯ ಮೇಲೆ ಹೊರಿಸಿ ಉಳಿದವರು ಬರಿಗೈಯಲ್ಲಿ ನಡೆಯುವುದು ನ್ಯಾಯವಲ್ಲ. ಆ ಇಬ್ಬರು ಮೂವರಿಗೆ ಗೊತ್ತಿರುವುದು ಅವರ ಹೊಲ ಮಾತ್ರ. ನಿಮ್ಮ ಹೊಲದ ಸಂಗತಿ ನಿಮಗೇ ಗೊತ್ತು.

ಮುಂದಿನ ಸಭೆಗೆ ಹೊರಡುವ ದಿನ ಬೆಳಿಗ್ಗೆ ಹೊಲವನ್ನು ಒಂದು ಸುತ್ತು ಹಾಕಿರಿ. ಹೊಸದಾಗಿ ಕಂಡದ್ದು ಏನಾದರೂ ಒಂದನ್ನು ಮನಸ್ಸಿನಲ್ಲಿಟ್ಟುಕೊಂಡು ಬನ್ನಿರಿ. ಸಭೆಯಲ್ಲಿ ಆ ಒಂದನ್ನು ಹೇಳಿ ಕೂತುಕೊಳ್ಳಿರಿ. ದಾರಿಯಲ್ಲಿ ಪಕ್ಕದವನಿಗೆ ಹೇಳಬೇಕೆಂದಿದ್ದ ಮಾತನ್ನು ಕಟ್ಟೆಯ ಮೇಲೆ, ಎಲ್ಲರೂ ಇರುವಾಗಲೇ ಹೇಳಿಬಿಡಿ. ಅದನ್ನು ಕೇಳಿದ ಯಾವನೋ ಒಬ್ಬನು ಮರುದಿನ ತನ್ನ ಹೊಲದ ಸುಳಿ ಬಿಡಿಸಿ ನೋಡುತ್ತಾನೆ.